ಗಣಿಗಾರರ ಸಂತ ಪಿರನ್

ಬೂದಿಕೋಟೆಯ ಹೆಸರನ್ನೆತ್ತಿದೊಡನೆ ನಮ್ಮಲ್ಲಿ ಯಾರಿಗಾದರೂ ನೆನಪಾಗುವವನು ಹೈದರಾಲಿ. ಆ ಸಣ್ಣ ಕೋಟೆಯಲ್ಲಿ ಹುಟ್ಟಿದ ಹುಡುಗನು ಮೈಸೂರಿನ ಅಧಿಕಾರವನ್ನು ಹಿಡಿದು ಇಂಗ್ಲಿಷರನ್ನು ಎದುರಿಸಿದ ಕಥೆ ಪಾಠದ ಪುಸ್ತಕಗಳಲ್ಲಿಯೇ ಇದೆ. ಅವನು ೧೭೮೨ರಲ್ಲಿ ಕಾಲವಾಗಿ ನೂರು ವರ್ಷ ತುಂಬುವ ಮೊದಲೇ ಅದೇ ಸೀಮೆಗೆ, ಕೋಲಾರದ ಚಿನ್ನದ ಗಣಿಗೆ, ಕಡಲಾಚೆಯಿಂದ ಬೇರೊಂದು ಬಗೆಯ ಜನರು ಬಂದರು. ಇವರು ಯುದ್ಧಕ್ಕೆ ಬಂದವರಲ್ಲ, ಬಂಡೆ ಕೊರೆಯಲು ಬಂದವರು. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆಯು ಗಣಿಗಳ ಕಾರ್ಯಭಾರ ವಹಿಸಿಕೊಂಡ ಮೇಲೆ, ಇಂಗ್ಲೆಂಡಿನ ನೈರುತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತದ ನುರಿತ ಗಣಿಗಾರರು ಇಲ್ಲಿಗೆ ಬಂದು ನೆಲೆಸಿದರು. ಅವರ ನಾಡಿನಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಹೊಟ್ಟೆಯ ಪಾಡಿಗಾಗಿ ಆ ಜನ ಆಸ್ಟ್ರೇಲಿಯಕ್ಕೆ ಹೋದರು, ಮೆಕ್ಸಿಕೋಗೆ ಹೋದರು, ದಕ್ಷಿಣ ಆಫ್ರಿಕಕ್ಕೆ ಹೋದರು. ನಮ್ಮ ಕೋಲಾರಕ್ಕೂ ಬಂದರು. ಅವರ ಊರಿನಲ್ಲಿ ತಲೆತಲಾಂತರದಿಂದ ಗಣಿಗಾರರ ಕುಲದೇವರಂತೆ ಮನ್ನಣೆ ಪಡೆದಿದ್ದವನು ಸಂತ ಪಿರನ್. ಅವನ ಚರಿತ್ರೆಯೇ ಈ ಲೇಖನದ ವಸ್ತು.

ಚರಿತ್ರೆ ಎಂದೆನಾದರೂ ಆ ಮಾತನ್ನು ಸ್ವಲ್ಪ ಸಡಿಲವಾಗಿ ತೆಗೆದುಕೊಳ್ಳಬೇಕು. ಪಿರನ್ ಬದುಕಿದ್ದನೆಂದು ಹೇಳುವ ಕಾಲ ಐದು ಅಥವಾ ಆರನೆಯ ಶತಮಾನ. ನಮ್ಮಲ್ಲಿ ಹಲ್ಮಿಡಿಯ ಶಾಸನ ಹುಟ್ಟಿದ ಕಾಲವೂ ಹೆಚ್ಚುಕಡಿಮೆ ಅದೇ. ಅಷ್ಟು ಹಿಂದಿನ ಒಬ್ಬ ಸಂನ್ಯಾಸಿಯ ವಿಷಯದಲ್ಲಿ ಬರೆದಿಟ್ಟ ಸಾಕ್ಷ್ಯ ದೊರೆಯುವುದು ದುರ್ಲಭ. ಜನರ ಬಾಯಲ್ಲಿ ಉಳಿದುಬಂದದ್ದನ್ನು ಮೊದಲು ಹೇಳಿ, ವಿದ್ವಾಂಸರು ಅದರಲ್ಲಿ ಎಷ್ಟನ್ನು ಒಪ್ಪುತ್ತಾರೆಂಬುದನ್ನು ಆಮೇಲೆ ನೋಡೋಣ.

ಪಿರನ್ ಹುಟ್ಟಿದ್ದು ಐರ್ಲೆಂಡಿನಲ್ಲಿ, ದಕ್ಷಿಣದ ಕಡಲಿನ ಒಂದು ದ್ವೀಪದಲ್ಲಿ. ಅವನಿನ್ನೂ ಬಾಲಕನಾಗಿದ್ದಾಗ ಗಿಡುಗವೊಂದು ಗೂಡಿನಲ್ಲಿದ್ದ ಪುಟ್ಟ ಹಕ್ಕಿಯನ್ನು ಎತ್ತಿಕೊಂಡು ಹಾರಿತಂತೆ. ಹುಡುಗ ಮರುಗಿ ದೇವರನ್ನು ಬೇಡಿದ. ಗಿಡುಗವು ಹಿಂದಿರುಗಿ ಬಂದು ಗಾಯಗೊಂಡ ಹಕ್ಕಿಯನ್ನು ಅವನ ಮುಂದೆಯೇ ಇಳಿಸಿತು, ಗಾಯವೂ ಮಾಯಿತು. ದೊಡ್ಡವನಾದ ಮೇಲೆ ಅವನು ರೋಮಿಗೆ ಹೋಗಿ ವಿದ್ಯೆ ಕಲಿತು, ಸ್ವದೇಶಕ್ಕೆ ಮರಳಿ, ಸೈಗಿರ್ ಎಂಬ ಕಾಡಿನಲ್ಲಿ ಒಂದು ಬುಗ್ಗೆಯ ಬಳಿ ತಪಸ್ಸಿಗೆ ಕುಳಿತ. ಅಲ್ಲಿ ಅವನಿಗೆ ದೊರೆತ ಮೊದಲನೆಯ ಶಿಷ್ಯ ಮನುಷ್ಯನಲ್ಲ, ಒಂದು ಕಾಡುಹಂದಿ. ಮೊದಲು ಹೆದರಿ ಓಡಿದ ಹಂದಿ ಮತ್ತೆ ಹತ್ತಿರ ಬಂದು, ತನ್ನ ಕೋರೆಹಲ್ಲಿನಿಂದ ಕಡ್ಡಿ, ಹುಲ್ಲುಗಳನ್ನು ಕೊಯ್ದು ತಂದು ಗುರುವಿಗೆ ಗುಡಿಸಲು ಕಟ್ಟಲು ನೆರವಾಯಿತು. ಆಮೇಲೆ ಒಂದು ನರಿ, ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿ, ಒಂದು ತೋಳ, ಒಂದು ಜಿಂಕೆ ಇಷ್ಟೂ ಬಂದು ಸೇರಿಕೊಂಡವು. ಕಾಡಿನ ನಡುವೆ ಮಠವೊಂದು ಏರ್ಪಟ್ಟಿತು.

ಈ ಮಠದಲ್ಲಿ ನಡೆದ ಒಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ನರಿ ಎಷ್ಟಾದರೂ ನರಿಯೇ. ಹಸಿರು ಸೊಪ್ಪಿನ ಊಟ ಅದಕ್ಕೆ ಬೇಸರವಾಯಿತು. ಒಂದು ದಿನ ಗುರುವಿನ ಚರ್ಮದ ಪಾದರಕ್ಷೆಗಳನ್ನೇ ಕದ್ದುಕೊಂಡು, ವ್ರತವನ್ನು ಮುರಿದು, ತನ್ನ ಹಳೆಯ ಬಿಲಕ್ಕೆ ಓಡಿತು. ಅವನ್ನು ತಿನ್ನಬೇಕೆಂಬುದು ಅದರ ಆಸೆ. ಗುರುವು ಬ್ಯಾಡ್ಜರನ್ನು ಕಳುಹಿಸಿದ. ಅದು ಬಿಲವನ್ನು ಹೊಕ್ಕು, ನರಿಯ ಕಿವಿಯನ್ನು ಕಚ್ಚಿ, ಒಲ್ಲೆನೆಂದರೂ ಬಿಡದೆ ಮಠಕ್ಕೆ ಎಳೆದುತಂದಿತು. ಸಂತನು ಹೊಡೆಯಲಿಲ್ಲ, ಹೊರಗೆ ಹಾಕಲೂ ಇಲ್ಲ. ಮಾಂಸ ತಿನ್ನಬೇಕೆಂಬ ಬಯಕೆ ಅಷ್ಟಿದ್ದರೆ ದೇವರು ಮರದ ತೊಗಟೆಯನ್ನೇ ನಿನಗೆ ಮಾಂಸ ಮಾಡಿಕೊಡುತ್ತಿದ್ದನಲ್ಲ ಎಂದು ಬುದ್ಧಿ ಹೇಳಿದ. ನರಿಯು ನಾಚಿ, ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಂಡು, ಮತ್ತೆ ಉಳಿದವರ ಜೊತೆ ಸೇರಿತು. ಹಾಸ್ಟೆಲಿನಲ್ಲಿ ವಾಸಮಾಡಿದ ವಿದ್ಯಾರ್ಥಿಮಿತ್ರರಿಗೆ ಈ ನರಿಯ ಮೇಲೆ ಸ್ವಲ್ಪ ಸಹಾನುಭೂತಿ ಹುಟ್ಟಿದರೆ ಆಶ್ಚರ್ಯವಿಲ್ಲ. ನಮ್ಮ ಮಲೆಯ ಮಹದೇಶ್ವರನು ಹುಲಿಯನ್ನೇ ವಾಹನ ಮಾಡಿಕೊಂಡ. ಈ ಸಂತನು ನರಿಯನ್ನು ನರಿಯಾಗಿಯೇ ಇರಗೊಟ್ಟು ಅದರ ತಪ್ಪನ್ನು ಕ್ಷಮಿಸಿದ. ಎರಡರಲ್ಲಿ ಯಾವುದು ದೊಡ್ಡ ಪವಾಡವೆಂದು ನಾನು ಹೇಳಲಾರೆ.

ಪಿರನ್ನನ ಕೀರ್ತಿ ಹೆಚ್ಚಿದಂತೆ ಐರ್ಲೆಂಡಿನ ಅರಸರಿಗೆ ಅಸೂಯೆಯುಂಟಾಯಿತು. ಬಿರುಗಾಳಿ ಬೀಸುತ್ತಿದ್ದ ಒಂದು ದಿನ ಅವನನ್ನು ಹಿಡಿದು, ದೊಡ್ಡದೊಂದು ಬೀಸುವ ಕಲ್ಲಿಗೆ ಕಟ್ಟಿ, ಕಡಲಂಚಿನ ಕಡಿದಾದ ಬಂಡೆಯ ಮೇಲಿಂದ ಉರುಳಿಸಿಬಿಟ್ಟರು. ಕಲ್ಲು ನೀರನ್ನು ಮುಟ್ಟುತ್ತಲೇ ಗಾಳಿ ಅಡಗಿತು, ಅಲೆ ತಗ್ಗಿತು. ಕಲ್ಲು ಮುಳುಗಲಿಲ್ಲ, ದೋಣಿಯಂತೆ ತೇಲಿತು. ಅದರ ಮೇಲೆ ಕುಳಿತೇ ಸಂತನು ಕಡಲು ದಾಟಿ ಕಾರ್ನ್‌ವಾಲಿನ ಉತ್ತರ ತೀರದ ಮರಳದಂಡೆಯನ್ನು ಸೇರಿದ. ಆ ತೀರಕ್ಕೆ ಈಗಲೂ ಅವನ ಹೆಸರೇ ಇದೆ. ಅಲ್ಲಿನ ಊರು ಪೆರನ್‌ಪೋರ್ತ್. ಮರಳಿನ ಮೇಲೆ ಒಂದು ಸಣ್ಣ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡು ಅವನು ಅಲ್ಲಿಯೇ ನಿಂತ. ಇಲ್ಲಿಯೂ ಅವನ ಬೋಧನೆಯನ್ನು ಮೊದಲು ಕೇಳಿದವು ಕಾಡಿನ ಮೃಗಗಳೇ ಎಂದು ಕಾರ್ನ್‌ವಾಲಿನವರು ಹೇಳಿಕೊಳ್ಳುತ್ತಾರೆ.

ಇನ್ನು ಗಣಿಗಾರರ ಕಥೆ. ಒಂದು ರಾತ್ರಿ ಪಿರನ್ ಅಡುಗೆಗಾಗಿ ಬೆಂಕಿ ಹಾಕಿದ. ಒಲೆಗೆ ಇಟ್ಟಿದ್ದು ಆ ನೆಲದಲ್ಲಿ ಸಿಕ್ಕಿದ ಒಂದು ಭಾರವಾದ ಕರಿಯ ಕಲ್ಲು. ಬೆಂಕಿ ಬಲವಾದಂತೆ ಕಲ್ಲಿನಿಂದ ಬೆಳ್ಳಗೆ ಹೊಳೆಯುವ ರಸವೊಂದು ಒಸರಿ, ಕರಿಯ ಕಲ್ಲಿನ ಮೇಲೆ ಶಿಲುಬೆಯ ಆಕಾರದಲ್ಲಿ ಹರಿಯಿತು. ಅದೇ ತವರ. ಸಂತನು ಆ ಗುಟ್ಟನ್ನು ತನ್ನಲ್ಲಿ ಇಟ್ಟುಕೊಳ್ಳದೆ ಸುತ್ತಣ ಬಡಜನರಿಗೆ ಕಲಿಸಿಕೊಟ್ಟ. ಕಾರ್ನ್‌ವಾಲಿನ ಧ್ವಜದಲ್ಲಿ ಕರಿಯ ನೆಲದ ಮೇಲೆ ಬಿಳಿಯ ಶಿಲುಬೆ ಇರುವುದು ಇದರ ಗುರುತೆಂದು ಹೇಳುತ್ತಾರೆ. ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಡೇವೀಸ್ ಗಿಲ್ಬರ್ಟನು ೧೮೩೮ರಲ್ಲಿ ಪ್ರಕಟಿಸಿದ ಕಾರ್ನ್‌ವಾಲಿನ ಚರಿತ್ರೆಯಲ್ಲಿ ಈ ಧ್ವಜದ ಪ್ರಸ್ತಾಪವಿದೆ.

ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಈ ಪವಾಡದಲ್ಲಿ ಒಂದು ನಿಜ ಕಾಣುತ್ತದೆ. ತವರದ ಅದಿರು ಕಪ್ಪಾದ, ತೂಕದ ಕಲ್ಲು. ತವರ ಮತ್ತು ಆಮ್ಲಜನಕದ ಸಂಯುಕ್ತ. ಇದ್ದಿಲಿನೊಡನೆ ಚೆನ್ನಾಗಿ ಕಾಯಿಸಿದರೆ ಇದ್ದಿಲು ಆಮ್ಲಜನಕವನ್ನು ಸೆಳೆದುಕೊಂಡು ಬಿಳಿಯ ಲೋಹ ಕರಗಿ ಇಳಿಯುತ್ತದೆ. ಕಾರ್ನ್‌ವಾಲಿನ ಗಣಿಗಾರರು ಅದಿರನ್ನು ಕರಿಯ ತವರವೆಂದೂ ಲೋಹವನ್ನು ಬಿಳಿಯ ತವರವೆಂದೂ ಕರೆಯುತ್ತಿದ್ದರು. ತಮ್ಮ ನಿತ್ಯದ ಕಸುಬನ್ನೇ ಅವರು ಸಂತನ ಒಲೆಯ ಮೇಲೆ ಇಟ್ಟರು. ಇತಿಹಾಸದ ದೃಷ್ಟಿಯಿಂದ ನೋಡಿದರೆ ತವರವನ್ನು ಕಂಡುಹಿಡಿದವನು ಪಿರನ್ ಅಲ್ಲ. ಅವನಿಗೆ ಸಾವಿರಾರು ವರ್ಷ ಮೊದಲೇ, ಕಂಚಿನ ಯುಗದಲ್ಲಿಯೇ, ಆ ನಾಡಿನ ತವರ ದೂರದೇಶಗಳಿಗೆ ಹೋಗುತ್ತಿತ್ತು. ಮರೆತುಹೋದ ವಿದ್ಯೆಯನ್ನು ಅವನು ಮತ್ತೆ ಕಂಡನೆಂದು ಕೆಲವರು ಸಮಾಧಾನ ಹೇಳುವುದುಂಟು.

ಕಲ್ಲಿನಿಂದ ಸಾರ ಒಸರುವ ಇಂಥ ಕಥೆ ನಮಗೆ ಹೊಸದಲ್ಲ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಕೈವಾರದಲ್ಲಿ, ಬಳೆ ಮಾರುತ್ತಿದ್ದ ನಾರಣಪ್ಪನವರಿಗೆ ಗುರುವು ಒಂದು ಕಲ್ಲಿನ ಹರಳನ್ನು ಬಾಯಲ್ಲಿಟ್ಟುಕೊಂಡು ಜಪಮಾಡಲು ಹೇಳಿದನೆಂದೂ, ನರಹರಿಗುಡ್ಡದ ಗುಹೆಯಲ್ಲಿ ಬಹುಕಾಲ ಜಪಮಾಡಿದ ಮೇಲೆ ಅದು ಕಲ್ಲುಸಕ್ಕರೆಯಾಯಿತೆಂದೂ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಕೈವಾರ ತಾತಯ್ಯನವರ ಕಲ್ಲು ಅವರ ಸಿದ್ಧಿಗೆ ಸಾಕ್ಷಿ. ಪಿರನ್ನನ ಕಲ್ಲು ಊರಿಗೆ ಅನ್ನ. ಬಂಡೆಯ ನಾಡಿನ ಜನ ತಮ್ಮ ಸಂತರನ್ನು ಬಂಡೆಯಿಂದಲೇ ಪರೀಕ್ಷಿಸುತ್ತಾರೆಂದು ತೋರುತ್ತದೆ.

ಸಂತನ ಅಂತ್ಯವನ್ನು ಹೇಳುವಾಗ ಗಣಿಗಾರರು ಭಕ್ತಿಯನ್ನು ಸ್ವಲ್ಪ ಬದಿಗಿಡುತ್ತಾರೆ. ಪಿರನ್ ಇನ್ನೂರು ವರ್ಷಕ್ಕೂ ಮೇಲೆ ಬದುಕಿದ್ದನಂತೆ. ಕಣ್ಣು ಮಂದವಾಗಲಿಲ್ಲ, ಹಲ್ಲು ಬೀಳಲಿಲ್ಲ. ಆದರೆ ಅವನಿಗೆ ಮದ್ಯದಲ್ಲಿ ಪ್ರೀತಿಯಿತ್ತು; ಒಂದು ರಾತ್ರಿ ಕುಡಿದು ಬರುವಾಗ ಬಾವಿಗೆ ಬಿದ್ದು ತೀರಿಕೊಂಡನಂತೆ. ಇದನ್ನು ಯಾವ ಪಾದ್ರಿಯೂ ಬರೆದಿರಲಾರ. ಮಾರ್ಚಿ ೫ನೆಯ ತಾರೀಖು ಅವನ ಹಬ್ಬ. ಅಂದು ಗಣಿಗೆ ರಜೆ ಮಾಡಿ ಕುಡಿಯುವುದು ಅವರ ಪದ್ಧತಿ. ಆ ಪದ್ಧತಿಗೆ ಒಬ್ಬ ಸಂತನ ಒಪ್ಪಿಗೆ ಬೇಕಾಗಿತ್ತು.

ವಿದ್ವಾಂಸರ ಶೋಧನೆ ಈ ಚಿತ್ರವನ್ನು ಬಹುಮಟ್ಟಿಗೆ ಒಡೆದುಹಾಕಿದೆ. ಮಧ್ಯಯುಗದಲ್ಲಿ ಲ್ಯಾಟಿನಿನಲ್ಲಿ ಬರೆದ ಪಿರನ್ನನ ಜೀವನಚರಿತ್ರೆಯು ಐರ್ಲೆಂಡಿನ ಸೈಗಿರಿನ ಕೀರಾನ್ ಎಂಬ ಮತ್ತೊಬ್ಬ ಸಂತನ ಚರಿತ್ರೆಯ ಪ್ರತಿ; ಹೆಸರನ್ನು ಮಾತ್ರ ಬದಲಾಯಿಸಿದೆ. ಇಬ್ಬರ ಹಬ್ಬವೂ ಒಂದೇ ದಿನ. ತಮ್ಮ ಸಂತನ ವಿಷಯ ಏನೂ ತಿಳಿಯದ ಕಾರ್ನ್‌ವಾಲಿನವರು, ಹೆಸರಿನಲ್ಲಿ ಹೋಲಿಕೆಯಿದ್ದ ಐರಿಷ್ ಸಂತನ ಬಾಳನ್ನು ಎರವಲು ತಂದರು. ಗಿಡುಗ, ಹಂದಿ, ನರಿ ಎಲ್ಲವೂ ನ್ಯಾಯವಾಗಿ ಕೀರಾನನಿಗೆ ಸೇರಬೇಕು. ಇಬ್ಬರೂ ಒಬ್ಬನೇ ಎಂಬ ವಾದವನ್ನು ಈಗ ಹೆಚ್ಚು ಜನ ವಿದ್ವಾಂಸರು ಒಪ್ಪುವುದಿಲ್ಲ. ಹಾಗಾದರೆ ಪಿರನ್ನನ ಸ್ವಂತದ್ದೆಂದು ಉಳಿಯುವುದೇನು? ಒಂದು ಹೆಸರು, ಒಂದು ಮರಳದಂಡೆ, ಒಂದು ಕಲ್ಲಿನ ಶಿಲುಬೆ. ಈ ಶಿಲುಬೆಯ ಉಲ್ಲೇಖ ೯೬೦ರ ದಾನಪತ್ರದಲ್ಲಿದೆ. ೧೦೮೬ರಲ್ಲಿ ಇಂಗ್ಲೆಂಡಿನ ಅರಸನು ಮಾಡಿಸಿದ ಭೂಮಿಯ ಲೆಕ್ಕದ ಪುಸ್ತಕದಲ್ಲಿ ಪಿರನ್ನನ ಮಠದ ಭೂಮಿಯೂ ಸೇರಿದೆ. ಅವನದೆಂದು ನಂಬಿದ್ದ ಶಿರಸ್ಸನ್ನು ಅಲ್ಲಿನ ಚರ್ಚಿನಲ್ಲಿ ಕಾಪಾಡಿಕೊಂಡಿದ್ದರು. ಅದಕ್ಕೊಂದು ಒಳ್ಳೆಯ ಸಂಪುಟ ಮಾಡಿಸಲು ೧೪೩೩ರಲ್ಲಿ ಜಾನ್ ಅರಂಡಲ್ ಎಂಬ ಶ್ರೀಮಂತನು ತನ್ನ ಮರಣಶಾಸನದಲ್ಲಿ ಹಣ ಬಿಟ್ಟ. ೧೬ನೆಯ ಶತಮಾನದ ಮತಸುಧಾರಣೆಯಲ್ಲಿ ಅದೆಲ್ಲ ಕಣ್ಮರೆಯಾಯಿತು.

ಇಷ್ಟಾದರೂ ಎರವಲು ತರದ ಭಾಗವೊಂದಿದೆ. ಕೀರಾನನ ಚರಿತ್ರೆಯಲ್ಲಿ ತವರವಿಲ್ಲ, ಬಾವಿಗೆ ಬಿದ್ದ ಕುಡುಕನಿಲ್ಲ. ಇವೆರಡನ್ನು ಗಣಿಗಾರರೇ ಸೇರಿಸಿದರು. ನನಗೆ ಈ ಭಾಗವೇ ಹೆಚ್ಚಿನದಾಗಿ ಕಾಣುತ್ತದೆ. ನೆಲದೊಳಗೆ ಇಳಿಯುವವನ ಮನೆಯವರಿಗೆ ಅವನು ಸಂಜೆ ಮೇಲೆ ಬರುವನೆಂಬ ಭರವಸೆಯಿಲ್ಲ. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆಯೇ ಸಿಡಿದು ಎಷ್ಟೋ ಮಂದಿ ಸತ್ತರು. ಮುಳುಗಬೇಕಾದ ಕಲ್ಲಿನ ಮೇಲೆ ಕುಳಿತು ದಡ ಸೇರಿದವನನ್ನು ಇಂಥ ಕಸುಬಿನವರು ತಮ್ಮವನೆಂದು ಹಿಡಿದುಕೊಂಡದ್ದರಲ್ಲಿ ಏನು ಸೋಜಿಗ? ತಮ್ಮಂತೆಯೇ ಹಸಿದು ಒಲೆ ಹೊತ್ತಿಸಿ, ತಮ್ಮಂತೆಯೇ ಕುಡಿದು, ಕೊನೆಗೆ ತಮ್ಮಂತೆಯೇ ಕತ್ತಲೆಯ ಹಳ್ಳಕ್ಕೆ ಬಿದ್ದು ಸಾಯುವ ಸಂತ ಅವರಿಗೆ ಬೇಕಾಗಿದ್ದ. ಕೋಲಾರದ ಗಣಿಗಳಲ್ಲಿ ದುಡಿದ ತಮಿಳು, ತೆಲುಗು, ಕನ್ನಡದ ಕೂಲಿಗಳು ಮಾರಿಯಮ್ಮನಿಗೆ ಕೈಮುಗಿದು ಇಳಿಯುತ್ತಿದ್ದಾಗ ಅವರ ಮನಸ್ಸಿನಲ್ಲಿದ್ದುದೂ ಬೇರೆಯಲ್ಲ.

ಪಿರನ್ನನ ಗುಡಿಗೆ ಬಂದ ಗತಿಯನ್ನು ಹೇಳಬೇಕು. ಕಡಲಿನಿಂದ ಹಾರಿಬಂದ ಮರಳು ಮೊದಲನೆಯ ಮಂದಿರವನ್ನು ಮುಚ್ಚಿತು. ಜನ ಸ್ವಲ್ಪ ಒಳನಾಡಿಗೆ ಸರಿದು ಎರಡನೆಯ ಚರ್ಚನ್ನು ಕಟ್ಟಿದರು. ನಡುವೆ ಒಂದು ಹೊಳೆಯಿದ್ದುದರಿಂದ ಮರಳು ಅದನ್ನು ದಾಟಿ ಬರುತ್ತಿರಲಿಲ್ಲ. ಗಣಿಗಳ ಕೆಲಸದಿಂದಾಗಿ ಆ ಹೊಳೆಯ ನೀರು ಬತ್ತಿತೆಂದೂ, ಆಮೇಲೆ ಮರಳು ಇತ್ತ ನುಗ್ಗಿತೆಂದೂ ಹೇಳುತ್ತಾರೆ. ಹಾಗಿದ್ದರೆ ಸಂತನ ಗುಡಿಯನ್ನು ಹೂಳಿದವರು ಅವನ ಭಕ್ತರೇ. ೧೯ನೆಯ ಶತಮಾನದ ಆರಂಭದಲ್ಲಿ ಎರಡನೆಯದನ್ನೂ ಬಿಟ್ಟು, ಅದರ ಕಲ್ಲುಗಳಲ್ಲಿ ಕೆಲವನ್ನು ಒಯ್ದು, ಇನ್ನೂ ಒಳಗೆ ಮೂರನೆಯದನ್ನು ಕಟ್ಟಿದರು. ಗಣಿಯಿಂದ ತೆಗೆದ ಕಲ್ಲನ್ನು ಅರೆದು ಚಿನ್ನ ಸೋಸಿ ಎಸೆದ ಪುಡಿಯ ಸೈನೈಡ್ ದಿಬ್ಬಗಳನ್ನು ಕೆ. ಜಿ. ಎಫ್. ಊರಿನಲ್ಲಿ ನೋಡಿದವರಿಗೆ, ಬೇಸಗೆಯ ಗಾಳಿಯಲ್ಲಿ ಆ ಪುಡಿ ಮನೆಗಳ ಮೇಲೆ ಸುರಿಯುವುದನ್ನು ಕಂಡವರಿಗೆ, ಈ ಮರಳಿನ ಕಥೆಯನ್ನು ವಿವರಿಸಬೇಕಾಗಿಲ್ಲ.

ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ೧೯೯೮ರಲ್ಲಿ ಮುಚ್ಚಿತು. ಮೂರು ವರ್ಷದ ತರುವಾಯ, ೨೦೦೧ರ ಫೆಬ್ರವರಿ ೨೮ರಂದು, ಕೋಲಾರದ ಚಿನ್ನದ ಗಣಿಯೂ ನಿಂತಿತು. ನೂರ ಇಪ್ಪತ್ತು ವರ್ಷಗಳಲ್ಲಿ ಅದು ಕೊಟ್ಟ ಚಿನ್ನ ಸುಮಾರು ೮೦೦ ಟನ್. ಗಣಿಗಳಿಲ್ಲದಿದ್ದರೂ ಕಾರ್ನ್‌ವಾಲಿನವರು ಪಿರನ್ನನನ್ನು ಬಿಟ್ಟಿಲ್ಲ. ಮಾರ್ಚಿ ತಿಂಗಳಲ್ಲಿ ಕಪ್ಪು ಬಿಳುಪಿನ ಧ್ವಜ ಹಿಡಿದು, ಮಕ್ಕಳು ಮುದುಕರೆನ್ನದೆ, ಮರಳದಿಬ್ಬಗಳನ್ನು ಹತ್ತಿ ಹಳೆಯ ಶಿಲುಬೆಯವರೆಗೆ ನಡೆಯುತ್ತಾರೆ. ೧೮೩೫ರಲ್ಲಿ ಮರಳು ತೋಡಿ ಹೊರತೆಗೆದಿದ್ದ ಮೊದಲನೆಯ ಮಂದಿರಕ್ಕೆ ೧೯೧೦ರಲ್ಲಿ ಕಾಂಕ್ರೀಟಿನ ಹೊದಿಕೆ ಹಾಕಿದ್ದರು. ಅದು ಉಳಿಯದೆಂದು ತೋರಿ ೧೯೮೦ರಲ್ಲಿ ತಾವೇ ಮತ್ತೆ ಮರಳಿನಲ್ಲಿ ಹೂಳಿದರು. ೨೦೧೪ರಲ್ಲಿ ಸ್ವಯಂಸೇವಕರು ಗುದ್ದಲಿ ಹಿಡಿದು ಅದನ್ನು ಇನ್ನೊಮ್ಮೆ ತೋಡಿ ತೆಗೆದರು. ಚಳಿಗಾಲದಲ್ಲಿ ಅದರೊಳಗೆ ನೀರು ತುಂಬಿಕೊಳ್ಳುತ್ತದೆ. ಆಗ ನೋಡಹೋದವರು ಮೋಟುಗೋಡೆಗಳ ಆಚೆಯಿಂದಲೇ ಇಣುಕಿ ಹಿಂದಿರುಗಬೇಕು.