ಫ್ಲಾರೆನ್ಸ್ ನೈಟಿಂಗೇಲ್

ದೀಪವನ್ನು ಹಿಡಿದು ಗಾಯಾಳುಗಳ ನಡುವೆ ಇರುಳೆಲ್ಲ ಸಂಚರಿಸಿದ ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನರಿಯದ ಬಾಲಿಕೆಯರು ವಿರಳ. ಆದರೆ ರೋಗಿಯು ಮರಳಿ ಮರಳಿ ರೋಗಕ್ಕೆ ತುತ್ತಾಗದಂತೆ ಮನೆಯಲ್ಲಿಯೇ ಆರೋಗ್ಯವನ್ನು ಕಲಿಸುವುದೂ ದಾದಿಯ ಧರ್ಮವೆಂದು ಆಕೆಯು ಸಾರಿದ ಸಂಗತಿಯನ್ನು ಬಲ್ಲವರು ಕೆಲವರೇ. ಅದನ್ನೇ ಇಲ್ಲಿ ಮುಖ್ಯವಾಗಿ ನಿರೂಪಿಸಲು ಇಚ್ಛಿಸುತ್ತೇವೆ.

ಈಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ಕುಟುಂಬವೊಂದರಲ್ಲಿ ಜನಿಸಿದಳು. ದಾದಿಯ ಕೆಲಸವು ಕುಲೀನ ಸ್ತ್ರೀಯರಿಗೆ ತಕ್ಕುದಲ್ಲವೆಂದು ಜನರು ಎಣಿಸುತ್ತಿದ್ದ ಕಾಲವದು. ತಾಯಿಯೂ ಅಕ್ಕನೂ ಬಹುವಾಗಿ ವಿರೋಧಿಸಿದರು. ಆಕೆಯು ಹಲವು ವರ್ಷ ಕಾದು, 1851ರಲ್ಲಿ ಜರ್ಮನಿಯ ಕೈಸರ್‌ವರ್ತಿನಲ್ಲಿ ಶುಶ್ರೂಷೆಯನ್ನು ಅಭ್ಯಾಸಮಾಡಿದಳು.

1854ರಲ್ಲಿ ಕ್ರಿಮಿಯಾ ಯುದ್ಧವು ನಡೆಯುತ್ತಿರಲು, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ಸೇರಿದಳು. ಹಗಲಿರುಳು ದುಡಿದರೂ 1855ರ ಫೆಬ್ರವರಿಯಲ್ಲಿ ಅಲ್ಲಿ ನೂರಕ್ಕೆ ಸುಮಾರು 42 ಮಂದಿ ಮೃತಿಹೊಂದಿದರು. ಚರಂಡಿಗಳನ್ನು ಶುದ್ಧಿಮಾಡಿ, ಕೋಣೆಗಳಲ್ಲಿ ಗಾಳಿಯಾಡುವಂತೆ ಏರ್ಪಡಿಸಿದ ಮೇಲೆ ಜೂನ್ ತಿಂಗಳಿಗೆ ಆ ಪ್ರಮಾಣವು ನೂರಕ್ಕೆ 2ರ ಸಮೀಪಕ್ಕಿಳಿಯಿತು. ಗಾಯಕ್ಕಿಂತ ಕೊಳೆಯೇ ಹೆಚ್ಚು ಪ್ರಾಣಗಳನ್ನು ಹರಣಮಾಡಿತೆಂಬ ಸತ್ಯವನ್ನು ಆಕೆಯು ಯುದ್ಧಾನಂತರ ಲೆಕ್ಕಗಳನ್ನು ಪರಿಶೋಧಿಸಿ ಮನಗಂಡಳು. ಮುಂದಿನ ಬಾಳೆಲ್ಲವೂ ಈ ಅರಿವಿನ ಫಲವೇ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಪಾಠಶಾಲೆಯು ಸ್ಥಾಪಿತವಾಯಿತು. ವ್ಯಾಧಿಯಿಂದ ಬಹುಕಾಲ ಕೋಣೆಯನ್ನು ಬಿಟ್ಟು ಹೊರಡಲಾರದಿದ್ದರೂ ಆಕೆಯ ಲೇಖನಿಯು ವಿರಮಿಸಲಿಲ್ಲ. 1892ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಪ್ರಾಂತದಲ್ಲಿ ಹೊಸ ಪ್ರಯೋಗವೊಂದಕ್ಕೆ ಪ್ರೇರಕಳಾದಳು. ವೈದ್ಯನೊಬ್ಬನು ಕೆಲವು ಸ್ತ್ರೀಯರಿಗೆ ಆರೋಗ್ಯಶಾಸ್ತ್ರವನ್ನು ಬೋಧಿಸಿ, ಗುಡಿಸಲುಗಳಿಗೆ ಕರೆದೊಯ್ದು ತೋರಿಸಿ, ಪರೀಕ್ಷಿಸಿದನು. ತೇರ್ಗಡೆಯಾದವರು ಹಳ್ಳಿಯ ತಾಯಂದಿರಿಗೆ ಗಾಳಿ, ನೀರು, ಆಹಾರ, ಶಿಶುಪಾಲನೆಗಳ ವಿಷಯವನ್ನು ತಿಳಿಸತಕ್ಕದ್ದು. ತಪ್ಪು ಹುಡುಕುವ ಅಧಿಕಾರಿಗಳಂತೆ ಹೋಗದೆ ಗೆಳತಿಯರಂತೆ ಹೋಗಬೇಕು. ಉಪನ್ಯಾಸಕ್ಕಿಂತ ಸಲ್ಲಾಪವೇ ಮೇಲು. ಗೃಹಿಣಿಯ ಕಷ್ಟವನ್ನು ಮೊದಲು ಕೇಳಬೇಕು. ಇದು ಆಕೆಯ ಅಭಿಮತವಾಗಿತ್ತು.

ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ನಮ್ಮ ಗ್ರಾಮಗಳ ನೈರ್ಮಲ್ಯವನ್ನು ಕುರಿತು ಆಕೆಯು ದಶಕಗಳ ಕಾಲ ಬರೆದಳು. ಇಂಥ ಆರೋಗ್ಯಬೋಧಕರು ನಮ್ಮ ಹಳ್ಳಿಗಳಿಗೂ ಬೇಕೆಂದು 1896ರಲ್ಲಿ ಲೇಖನವನ್ನು ಪ್ರಕಟಿಸಿದಳು. 1907ರಲ್ಲಿ ಇಂಗ್ಲೆಂಡಿನ ದೊರೆಯಿಂದ ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಪಡೆದ ಪ್ರಥಮ ಸ್ತ್ರೀಯಾದಳು. 1910ರ ಆಗಸ್ಟ್ 13ರಂದು ದೈವಾಧೀನಳಾದಳು.

ಆಕೆಯ ಆ ಬಯಕೆಯು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜನರಾದ ನಮಗೂ ಸಲ್ಲುವುದು. ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ತಿಂಗಳು ತಿಂಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಗುಳಿಗೆಯನ್ನೊಯ್ಯುವಳೆನ್ನೋಣ. ಆಕೆಯು ಎಷ್ಟು ಮುದ್ದೆ ಉಣ್ಣುವಳು, ಗುಳಿಗೆಯನ್ನು ಏಕೆ ನಡುವೆ ಬಿಟ್ಟಳು, ಬರಿಗಾಲಿನಲ್ಲಿ ಹೊಲಕ್ಕೆ ಹೋಗುವಳೋ ಎಂದು ಕೇಳುವವರಿಲ್ಲದಿದ್ದರೆ ಕಾಲಿನ ಹುಣ್ಣೇ ಪ್ರಾಣಕ್ಕೆ ಮುಳುವಾದೀತು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಅಂಶವು ಮಿತಿಮೀರಿದೆ. ಅದರಿಂದುಂಟಾದ ಕೀಲುನೋವಿಗೆ ಕುಡಿಯುವ ನೀರನ್ನು ಬದಲಿಸದೆ ಔಷಧವನ್ನು ಮಾತ್ರ ಕೊಟ್ಟರೆ ಫಲವೇನು? 2018ರಿಂದ ದೇಶದ ಉಪಕೇಂದ್ರಗಳಲ್ಲಿ ಶುಶ್ರೂಷೆಯನ್ನು ಕಲಿತವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಕಗೊಂಡು, ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿ ಬುದ್ಧಿಹೇಳುತ್ತಿರುವುದು ಸಂತೋಷದ ವಿಷಯ.

ಪ್ರಿಯ ವಿದ್ಯಾರ್ಥಿನಿಯರೇ, ದಾದಿಯ ವೃತ್ತಿಯನ್ನು ಕೈಕೊಳ್ಳುವವರು ನಿಮ್ಮಲ್ಲಿ ಹಲವರಿರಬಹುದು. ಔಷಧವನ್ನು ಕೊಡುವ ಕೈಯೊಡನೆ ರೋಗಿಯ ಮಾತನ್ನಾಲಿಸುವ ಕಿವಿಯೂ ನಿಮಗಿರಲೆಂದು ಹಾರೈಸುತ್ತೇವೆ.