ವಿಲಿಯಂ ರಾಕ್ಸ್‌ಬರ್ಗ್

ಭರತಖಂಡದ ಸಸ್ಯಗಳನ್ನು ಶಾಸ್ತ್ರೀಯವಾಗಿ ವರ್ಣಿಸಿದವರಲ್ಲಿ ವಿಲಿಯಂ ರಾಕ್ಸ್‌ಬರ್ಗನು ಅಗ್ರಗಣ್ಯನು. 1751ರಲ್ಲಿ ಸ್ಕಾಟ್ಲಂಡದಲ್ಲಿ ಜನಿಸಿದ ಈತನು ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಅಭ್ಯಸಿಸಿ, 1776ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಮದರಾಸಿನಲ್ಲಿ ನೆಲೆಸಿದನು. 1781ರಿಂದ ತೆಲುಗುನಾಡಿನ ಸಾಮರ್ಲಕೋಟೆಯಲ್ಲಿದ್ದು ಅಲ್ಲಿಯ ತೋಟವನ್ನು ನೋಡಿಕೊಂಡನು. 1787ರ ಚಂಡಮಾರುತದಲ್ಲಿ ಅವನ ಗ್ರಂಥಗಳೂ ಸಂಗ್ರಹವೂ ನೀರುಪಾಲಾದವು. ಅನ್ಯನಾಗಿದ್ದರೆ ಕೈಚೆಲ್ಲುತ್ತಿದ್ದನು, ಈತನು ಮೊದಲಿನಿಂದ ಆರಂಭಿಸಿದನು.

ಮರದ ಮೇಲೆ ನೆಲೆಸುವ ಆರ್ಕಿಡ್ ಸಸ್ಯಗಳು ಅವನ ಲಕ್ಷ್ಯವನ್ನು ಸೆಳೆದವು. ನಮ್ಮ ಮಲೆನಾಡಿನ ಸೀತೆದಂಡೆಯು ಇದೇ ಕುಲದ್ದು. ಇವು ಮರದ ರಸವನ್ನು ಹೀರುವ ಬಂದಳಿಕೆಗಳಲ್ಲ; ಕೇವಲ ಆಶ್ರಯ ಪಡೆದವುಗಳು. ಎಲೆಯನ್ನಷ್ಟೇ ನೋಡಿದವನು ಇವುಗಳ ಜಾತಿಯನ್ನು ಗುರುತಿಸುವಲ್ಲಿ ಮೋಸಹೋಗುವನು, ಹೂವೇ ಪ್ರಮಾಣ. ಹೊರಗೆ ಮೂರು, ಒಳಗೆ ಮೂರು ದಳಗಳು; ಒಳಗಿನವುಗಳಲ್ಲೊಂದು ರೂಪಾಂತರ ಹೊಂದಿ ತುಟಿಯಾಗಿರುವದು. ಕೇಸರವೂ ಶಲಾಕೆಯೂ ಕೂಡಿ ಒಂದೇ ಕಂಬವಾಗಿರುವವು. ಪರಾಗವು ಸಾಮಾನ್ಯವಾಗಿ ಪುಡಿಯಾಗಿರದೆ ಮುದ್ದೆಗಟ್ಟಿರುವದು. ತುಟಿಯ ಆಕಾರ, ಅದರ ಹಿಂದಿನ ಕೊಂಬು, ಪರಾಗದ ಮುದ್ದೆಗಳ ಸಂಖ್ಯೆ, ಇವುಗಳಿಂದ ಕುಲವು ನಿರ್ಣಯವಾಗುವದು.

ಹಳದಿ ದಳಗಳ ಮೇಲೆ ಕಂದು ಗೆರೆಗಳು ಚೌಕಳಿಯಂತೆ ಹೆಣೆದ ಒಂದು ಹೂವನ್ನು ರಾಕ್ಸ್‌ಬರ್ಗನು 1795ರಲ್ಲಿ ಚಿತ್ರಸಹಿತ ಪ್ರಕಟಿಸಿ, ಅಂದಿನ ರೂಢಿಯಂತೆ ಎಪಿಡೆಂಡ್ರಮ್ ಕುಲದಲ್ಲಿ ಸೇರಿಸಿ, ಟೆಸೆಲಾಟಮ್ ಎಂದರೆ ಚೌಕಳಿಯುಳ್ಳದ್ದು ಎಂದು ಹೆಸರಿಟ್ಟನು. ಮುಂದೆ ಪುಷ್ಪರಚನೆಯ ಸೂಕ್ಷ್ಮಪರೀಕ್ಷೆಯಿಂದ ಅದು ವಾಂಡಾ ಎಂಬ ಬೇರೆ ಕುಲಕ್ಕೆ ಸಂದಿತು. ಈ ಕುಲನಾಮವು ಸಂಸ್ಕೃತಮೂಲದ್ದೆಂಬುದು ನಮಗೆ ಅಭಿಮಾನದ ಸಂಗತಿ. 1820ರಲ್ಲಿ ರಾಬರ್ಟ್ ಬ್ರೌನನು ಇದಕ್ಕೆ ರಾಕ್ಸ್‌ಬರ್ಗನ ಗೌರವಾರ್ಥವಾಗಿ ಅವನ ಹೆಸರನ್ನೇ ಇಟ್ಟನು. ಆದರೆ ಮೊದಲಿಟ್ಟ ಹೆಸರಿಗೇ ಮಾನ್ಯತೆಯೆಂಬುದು ಶಾಸ್ತ್ರದ ನಿಯಮ. ಆದ್ದರಿಂದ ಇಂದು ಅದು ವಾಂಡಾ ಟೆಸೆಲಾಟಾ. ಗೌರವದ ಹೆಸರು ಅಳಿದು, ಅವನ ಕಣ್ಣು ಕಂಡ ಗುಣವೇ ಹೆಸರಾಗಿ ಉಳಿಯಿತು. ಶಾಸ್ತ್ರಜ್ಞನಿಗೆ ಇದಕ್ಕಿಂತ ಹೆಚ್ಚಿನ ಸ್ಮಾರಕವುಂಟೆ?

1793ರಿಂದ ಕಲಕತ್ತೆಯ ಸಸ್ಯೋದ್ಯಾನದ ಅಧಿಪತಿಯಾಗಿದ್ದ ಅವನು 1813ರಲ್ಲಿ ಸ್ವದೇಶಕ್ಕೆ ಹೊರಟು 1815ರಲ್ಲಿ ಗತಿಸಿದನು. ಅವನು ಬರೆಯಿಸಿದ 2500ಕ್ಕೂ ಮಿಕ್ಕ ವರ್ಣಚಿತ್ರಗಳು ಈ ದೇಶದ ಚಿತ್ರಗಾರರ ಕೈಯವು. ಹೂವಿನ ತುಟಿಯನ್ನೂ ಕಂಬವನ್ನೂ ಬಿಡಿಸಿ ತೋರಿಸಿದ ಆ ಕುಶಲರ ಹೆಸರುಗಳು ಮಾತ್ರ ಗ್ರಂಥದ ಮುಖಪುಟವನ್ನೇರಲಿಲ್ಲ. ಕೀರ್ತಿಯ ಈ ಅಸಮಪಾಲನ್ನು ನಾವು ಮರೆಯಲಾಗದು.

ಶಹಾಬಾದ, ಭಂಕೂರಗಳ ಕಡೆಯವರು ಹಾಸುಗಲ್ಲಿನ ಪದರು ಪದರನ್ನೂ ಬಲ್ಲರು. 2011ರಲ್ಲಿ ಅಭಯಾರಣ್ಯವೆನಿಸಿದ ಚಿಂಚೋಳಿಯ ಕಾಡಿನ ಹೂಗಳನ್ನೂ ಅಷ್ಟೇ ಸೂಕ್ಷ್ಮವಾಗಿ ನೋಡಿ ಕನ್ನಡದಲ್ಲಿ ಬರೆದಿಡುವ ತರುಣರು ಮುಂದೆ ಬರಲೆಂದು ನಾವು ಹಾರೈಸುತ್ತೇವೆ.