ವಿಶ್ವೇಶ್ವರಯ್ಯನವರೂ ಸಂಪದಭ್ಯುದಯ ಸಮಾಜವೂ

ನಾಡನ್ನು ಆಳುವವರಿಗೆ ಅಧಿಕಾರವೊಂದಿದ್ದರೆ ಸಾಲದು. ನಾಡಿನ ನಿಜಸ್ಥಿತಿಯನ್ನು ಅರಿತು ಹಿತವನ್ನು ಹೇಳಬಲ್ಲವರ ನೆರವೂ ಬೇಕು. ಇಂದು ಆರ್ಥಿಕ ವಿಷಯಗಳಲ್ಲಿ ಸರ್ಕಾರಕ್ಕೆ ಸಲಹೆ ನೀಡುವ ಸಂಶೋಧನಾ ಸಂಸ್ಥೆಗಳು ಅನೇಕವಾಗಿವೆ. ಅಂತಹವು ಅಪರೂಪವಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಈ ಬಗೆಯ ಏರ್ಪಾಡಿಗೆ ಕಾರಣರಾದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿ ಇಂಜಿನಿಯರರಾಗಿ ಹೆಸರು ಗಳಿಸಿ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. ಅಣೆಕಟ್ಟು ಕಾಲುವೆಗಳಿಂದ ಮಾತ್ರವೇ ಬಡತನವು ನೀಗದು, ವಿದ್ಯೆಯೂ ಉದ್ಯಮವೂ ಬೆಳೆಯಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಅವರ ಸಲಹೆಯಂತೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಸಂಪದಭ್ಯುದಯ ಸಮಾಜವನ್ನು ಸ್ಥಾಪಿಸಿದರು.

ಈ ಸಮಾಜದಲ್ಲಿ ಅಧಿಕಾರಿಗಳೊಡನೆ ವರ್ತಕರೂ ಬೇಸಾಯಗಾರರೂ ವಿದ್ಯಾವಂತರೂ ಕುಳಿತು ಆಲೋಚಿಸುತ್ತಿದ್ದರು. ವ್ಯವಸಾಯಕ್ಕೆ ಒಂದು, ವಿದ್ಯಾಭ್ಯಾಸಕ್ಕೆ ಒಂದು, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದು, ಹೀಗೆ ಮೂರು ಸಮಿತಿಗಳಿದ್ದವು. ಜಿಲ್ಲೆ, ತಾಲ್ಲೂಕುಗಳಲ್ಲಿಯೂ ಸಮಿತಿಗಳು ಏರ್ಪಟ್ಟವು. ಇದರಿಂದ, ಕಾವೇರಿ ಕಪಿಲೆಯರು ಕೂಡುವ ತಿ. ನರಸೀಪುರ, ಕಪಿಲೆಯ ದಡದ ನಂಜನಗೂಡು ಮುಂತಾದ ತಾಲ್ಲೂಕುಗಳ ಬೆಳೆ, ಕಸುಬು, ಶಾಲೆಗಳ ಸಂಗತಿಯು ಸರ್ಕಾರದ ಆಲೋಚನೆಗೆ ಒದಗಲು ದಾರಿಯಾಯಿತು. ಊಹೆಯ ಬದಲು ಅಂಕಿ ಅಂಶಗಳಿಗೆ ಮನ್ನಣೆ ದೊರೆಯಿತು.

ಸಮಾಜಕ್ಕೆ ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. ಆದರೆ 1912ರಲ್ಲಿ ವಿಶ್ವೇಶ್ವರಯ್ಯನವರೇ ದಿವಾನರಾದುದರಿಂದ ಅದರ ಸಲಹೆಗಳು ಕಡತಗಳಲ್ಲಿಯೇ ಉಳಿಯಲಿಲ್ಲ. 1913ರಲ್ಲಿ ಮೈಸೂರು ಬ್ಯಾಂಕೂ, 1915ರಲ್ಲಿ ಇಂದಿನ ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿದುದು ಈ ಸಮಾಜದ ಆಲೋಚನೆಗಳಿಂದಲೇ.

ಸಲಹೆಯೆಲ್ಲವೂ ಸಲಹೆಗಾರನಿಗೆ ಪ್ರಿಯವಾಗಿರಬೇಕೆಂಬ ನಿಯಮವಿಲ್ಲ. ಸರ್ಕಾರಿ ಉದ್ಯೋಗಗಳಲ್ಲಿ ತಮಗೆ ತಕ್ಕ ಪಾಲಿಲ್ಲವೆಂದು ಹಿಂದುಳಿದ ಜನವರ್ಗಗಳು ಅಹವಾಲು ಸಲ್ಲಿಸಿದಾಗ, ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬುದು ವಿಶ್ವೇಶ್ವರಯ್ಯನವರ ಅಭಿಪ್ರಾಯವಾಗಿತ್ತು. ಅದೇ ವರ್ಷ ಅವರು ದಿವಾನಗಿರಿಯಿಂದ ನಿವೃತ್ತರಾದರು. ಮಿಲ್ಲರ್ ಸಮಿತಿಯ ವರದಿಯನ್ನು ಸರ್ಕಾರವು 1921ರಲ್ಲಿ ಅಂಗೀಕರಿಸಿತು. ಶಾಲೆ ಕಚೇರಿಗಳ ಬಾಗಿಲು ಅನೇಕರಿಗೆ ತೆರೆಯಿತು.

ಪದವಿಯನ್ನು ಬಿಟ್ಟರೂ ವಿಶ್ವೇಶ್ವರಯ್ಯನವರು ಚಿಂತನೆಯನ್ನು ಬಿಡಲಿಲ್ಲ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪ್ರತಿಪಾದಿಸುವ ಅವರ ಗ್ರಂಥವು 1934ರಲ್ಲಿ ಪ್ರಕಟವಾಯಿತು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. 1962ರಲ್ಲಿ ಅವರು ನಿಧನರಾದರು.

ಸತ್ಯಾಂಶಗಳನ್ನು ಕೂಡಿಸುವ ತಜ್ಞರೂ, ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳುವ ಜನರೂ ಸರ್ಕಾರಕ್ಕೆ ಬೇಕು. ಈ ಎರಡು ದನಿಗಳನ್ನೂ ಆಲಿಸುವ ಆಡಳಿತವೇ ಜನಹಿತವನ್ನು ಸಾಧಿಸಬಲ್ಲದು.